ಮೈಕ್ ಸೆಟ್ಟಿನ 100 ವೋಲ್ಟ್ ಟರ್ಮಿನಲ್ಲಿಗೆ ಪೈ ಜೋಡಿಸಬೇಡಿ

ನಮ್ಮ ಬೀದಿ ಗಣಪತಿಗೆ ಮೈಕ್ ಸೆಟ್ ನೋಡಿಕೊಳ್ಳುವವನು ನಾನೇ. ದಾವಣಗೆರೆಯ ವಿದ್ಯಾನಗರದಲ್ಲಿ. ಹಾರ್ನ್ ಒಡೆದ ಹಾಗೆ ಕೇಳುತ್ತದೆ ಅಂತ ಪ್ರತಿ ವರ್ಷ ಬೈಗುಳ. ಆವಾಜು ಏರಿಳಿಯುವುದನ್ನು ಹಸಿರು, ಹಳದಿ, ಕೆಂಪು ಪಟ್ಟಿಯಲ್ಲಿ ತೋರಿಸುವ ಪುಟ್ಟ ಪರದೆ ಇದ್ದರೆ, ಕೆಂಪಿಗೆ ಹೋಗುವ ಮುಂಚೆಯೇ ಇಳಿಸಬಹುದಲ್ವಾ? ಆ ಆಸೆಗೆ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ತಂದೆ.

ಪೈ ಮೇಲಿನ 3.5 ಮಿ.ಮೀ. ಜ್ಯಾಕ್ ಆವಾಜನ್ನು ಹೊರಗೆ ಕೊಡುತ್ತದೆ, ಒಳಗೆ ತಗೊಳ್ಳುವುದಿಲ್ಲ. ಅದು ತಂದ ಮೇಲೆ ಗೊತ್ತಾಯಿತು. ಸರಿ, ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದೆ. ಪಿಸುಗುಟ್ಟಿದರೂ ಕೂಗಿದರೂ ಪಟ್ಟಿ ಒಂದೇ ಎತ್ತರ! ಎರಡು ರಾತ್ರಿ ಕೋಡ್ ತಿದ್ದಿದೆ, ಸುಮ್ನೆ. ಕಾರ್ಡಿನಲ್ಲಿ ‘ಆಟೋ ಗೇನ್ ಕಂಟ್ರೋಲ್’, ಅಂದರೆ ಸಣ್ಣ ಆವಾಜನ್ನು ಏರಿಸಿ ದೊಡ್ಡದನ್ನು ಇಳಿಸಿ ತಾನೇ ಸಮ ಮಾಡುವ ವ್ಯವಸ್ಥೆ, ಆನ್ ಇತ್ತು. ಆವಾಜು ಹೊಂದಿಸುವ ಪ್ರೋಗ್ರಾಂ ಆಲ್ಸಾಮಿಕ್ಸರ್‌ನಲ್ಲಿ ಅದನ್ನು ಆಫ್ ಮಾಡಿದ ಮೇಲೆ ಮೊಬೈಲ್ ಹಾಡಿಗೆ ಪಟ್ಟಿ ಚೆನ್ನಾಗಿ ಕುಣಿಯಿತು.

ಆ ಖುಷಿಯಲ್ಲೇ ಪೆಂಡಾಲಿಗೆ ಹೋದೆ. ಆಂಪ್ಲಿಫೈಯರ್ ಹಿಂದೆ ಸ್ಕ್ರೂ ಟರ್ಮಿನಲ್ ಸಾಲು: ಕಾಮನ್, 4 ಓಮ್, 8 ಓಮ್, 16 ಓಮ್, 70 ವೋಲ್ಟ್, 100 ವೋಲ್ಟ್. ಹಾರ್ನ್‌ಗಳ ವೈರ್ 100ಕ್ಕೆ ಹೋಗಿತ್ತು. ಕೈಗೆ ಸಿಕ್ಕಿದ್ದೂ ಅದೇ. ಅಲ್ಲಿಂದಲೇ ಒಂದು ಎಳೆ ತೆಗೆದು ಸೌಂಡ್ ಕಾರ್ಡಿನ ಮೈಕ್ ಜ್ಯಾಕಿಗೆ ಕೊಟ್ಟೆ. ಪಟ್ಟಿ ಕೆಂಪಿಗೆ ಅಂಟಿಕೊಂಡಿತು. ಗೇನ್ ಜಾಸ್ತಿ ಇರಬೇಕು ಅಂದುಕೊಂಡು ಸಾಫ್ಟ್‌ವೇರಿನಲ್ಲಿ ಇಳಿಸುತ್ತಾ ಕೂತೆ, ನೋಡಿ ನನ್ನ ಬುದ್ಧಿ! ಮಂಗಳಾರತಿಗೆ ಎಲ್ಲರೂ ಮೈಕಿನ ಮುಂದೆ ಜೈಕಾರ ಹಾಕಿದರು. ಪರದೆ ಕಪ್ಪಾಯಿತು.

“ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲೋ ತಮ್ಮಾ,” ಅಂದರು ಶಾಮಿಯಾನದ ಕಾಕಾ.

ಆಂಪ್ಲಿಫೈಯರ್ ಪೂರ್ತಿ ಜೋರಿನಲ್ಲಿದ್ದಾಗ ಆ ತಂತಿಯಲ್ಲಿ ನಿಜವಾಗಿಯೂ 100 ವೋಲ್ಟ್ ಓಡುತ್ತದೆ, ಅಲೆಯ ತುತ್ತತುದಿಯಲ್ಲಿ 141ರವರೆಗೆ. ಮೈಕ್ ಜ್ಯಾಕ್ ಬಯಸುವುದು ಕೆಲವೇ ಮಿಲಿವೋಲ್ಟ್. ಸಾಫ್ಟ್‌ವೇರಿನಲ್ಲಿ ಎಷ್ಟು ಇಳಿಸಿದರೂ ಕಾರ್ಡಿನೊಳಗೆ ನುಗ್ಗುವ ವೋಲ್ಟೇಜ್ ಕಡಿಮೆಯಾಗುವುದಿಲ್ಲ. ಕಾರ್ಡ್ ಹೋಯಿತು, ಅದರ ಜೊತೆ ಪೈ ಕೂಡ. ಆನ್‌ಲೈನಿನಲ್ಲಿ ಮಾರಿದವರನ್ನು ಕೇಳಿದರೆ, ನೀರು ಬಿದ್ದದ್ದು, ಸುಟ್ಟದ್ದು ವಾರಂಟಿಗೆ ಬರಲ್ಲ ಅಂದರು. ನೀರು ಎಲ್ಲಿಂದ ಬಂತೋ! ಸುಟ್ಟದ್ದಂತೂ ಹೌದು.

ತಮಾಷೆ ಅಂದರೆ, ಅದೇ ಆಂಪ್ಲಿಫೈಯರಿನ ಇನ್ನೊಂದು ಮೂಲೆಯಲ್ಲಿ ‘ರೆಕ್ ಔಟ್’ ಅಂತ, ರೆಕಾರ್ಡಿಂಗಿಗೆ ಸಿಗ್ನಲ್ ಕೊಡುವ ಸಣ್ಣ ಆರ್‌ಸಿಎ ಸಾಕೆಟ್ ಇತ್ತು. ಸಿಗ್ನಲ್ ತೆಗೆಯಬೇಕಾದದ್ದು ಅಲ್ಲಿಂದ. ಈ ಸಲ ಅಲ್ಲಿಂದಲೇ ತೆಗೆದಿದ್ದೇನೆ. ಅದೂ ಮೈಕ್ ಜ್ಯಾಕಿಗೆ ಜಾಸ್ತಿಯೇ, ಅದಕ್ಕೆ 10 ಕಿಲೋ ಓಮ್, 1 ಕಿಲೋ ಓಮ್ ರೆಸಿಸ್ಟರ್ ಜೋಡಿಯಿಂದ ಸುಮಾರು ಹನ್ನೊಂದನೇ ಒಂದು ಭಾಗಕ್ಕೆ ಇಳಿಸಿದೆ. ಆಮೇಲೂ ಕರೆಂಟಿನ 50 ಹರ್ಟ್ಸ್ ಸದ್ದು ಗುಂಯ್ ಅನ್ನುತ್ತಿತ್ತು. ನಡುವೆ, ಎರಡು ಕಡೆಯ ತಂತಿ ನೇರ ಸೇರದಂತೆ ಸಿಗ್ನಲ್ ಮಾತ್ರ ದಾಟಿಸುವ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ನಿಂತಿತು.

100ರ ಸ್ಕ್ರೂ ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ. ಕಾಕಾ ಅದನ್ನು ನೋಡಿದಾಗಲೆಲ್ಲ ಮೂಗು ಮುಚ್ಚಿಕೊಂಡು ನಗುತ್ತಾರೆ.