ರೀಫ್ ಟ್ಯಾಂಕಿಗೆ ದನದ ಜಂತುಮಾತ್ರೆ ಹಾಕಲು ಬಿಡಬೇಡಿ

ಹಾಸನ, ಚಿಕ್ಕಮಗಳೂರು ಕಡೆ ಮನೆಯಲ್ಲಿ ರೀಫ್ ಟ್ಯಾಂಕ್ (ಹವಳ, ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಟ್ಟಿರುವವರು ದಯವಿಟ್ಟು ಓದಿ. ಸರ್ವೀಸಿಗೆ ಬಂದವರು ಬ್ರಿಸಲ್ ವರ್ಮ್ (ಟ್ಯಾಂಕಿನ ಕಲ್ಲುಗಳಲ್ಲಿರುವ ಮುಳ್ಳುಕೂದಲಿನ ಹುಳ) ತೋರಿಸಿ "ಇದು ಕೋರಲ್ ತಿನ್ನುತ್ತೆ ಸಾರ್, ಔಷಧಿ ಹಾಕ್ತೀನಿ" ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ.

ನಮ್ಮಲ್ಲಿದ್ದದ್ದು ಮೆತ್ತನೆಯ ಹವಳ ಮಾತ್ರ (ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿವೆ, ಆ ತಂಟೆಯೇ ಬೇಡ). ಅದರಲ್ಲಿ ಲೆದರ್ ಕೋರಲ್ ಅನ್ನೋ ಹವಳ ಸರಿಯಾಗಿ ಅರಳುತ್ತಿರಲಿಲ್ಲ, ಒಂದು ಅಂಚು ಕೊಳೆಯುತ್ತಿತ್ತು. ರಾತ್ರಿ ಲೈಟ್ ಆರಿದ ಮೇಲೆ ಟಾರ್ಚ್ ಬಿಟ್ಟರೆ ಅದೇ ಅಂಚಿಗೆ ಹುಳ ಮುತ್ತಿರುತ್ತಿದ್ದವು, ತೆಳು ಗುಲಾಬಿ ಮೈ, ಎರಡೂ ಪಕ್ಕ ಬಿಳಿ ಮುಳ್ಳುಕೂದಲಿನ ಕುಚ್ಚು. ನೋಡಿದ ಯಾರಿಗಾದರೂ ಇವೇ ತಿಂತಿವೆ ಅನ್ನಿಸುತ್ತೆ, ಅಲ್ವಾ? ಆದರೆ ಟ್ಯಾಂಕುಗಳಲ್ಲಿ ಸಿಗುವ ಹೆಚ್ಚಿನ ಬ್ರಿಸಲ್ ವರ್ಮ್‌ಗಳು ತಿನ್ನುವುದು ಮೀನು ಬಿಟ್ಟ ಫೀಡ್, ಕಸ, ಸತ್ತ ಮಾಂಸ. ಜೀವಂತ ಹವಳ ತಿನ್ನುವ ಹರ್ಮೊಡೈಸ್ ಅನ್ನೋ ಫೈರ್‌ವರ್ಮ್ ಬೇರೆ, ಅದು ಕೆರಿಬಿಯನ್, ಮೆಡಿಟರೇನಿಯನ್ ಕಡೆಯದು.

ಸರ್ವೀಸಿನ ಹುಡುಗ ಒಂದು ಮಾತೂ ಕೇಳದೆ ಫೆನ್‌ಬೆಂಡಜೋಲ್ ಮಾತ್ರೆ ಪುಡಿ ಮಾಡಿ ಸುರಿದು ಹೋಗಿದ್ದ. ಅದೇ, ಹಸುಗಳಿಗೆ ಜಂತುಹುಳಕ್ಕೆ ಕೊಡೋದು. ಹಾಲಿನ ಊರು ನಮ್ಮದು, ಪಶು ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತೆ. ಹುಳಗಳು ಕಲ್ಲಿನ ತೂತುಗಳಿಂದ ಅರ್ಧ ಹೊರಗೆ ಬಂದು ಜೋತುಬಿದ್ದವು. ಬಸವನಹುಳಗಳು ಮಗುಚಿಕೊಂಡು ಮರಳ ಮೇಲೆ ಬಿದ್ದವು. ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಕಪ್ಪಿನಿಂದ ನೊರೆ ಉಕ್ಕಿ ಸ್ಟ್ಯಾಂಡಿನೊಳಗೆಲ್ಲ ಹರಿದಿತ್ತು, ರೂಮಿಗೆ ಕಾಲಿಡಲಾಗದ ನಾತ. ಕಣ್ಣಿಗೆ ಕಂಡ ಹುಳ ಸ್ವಲ್ಪವೇ, ಉಳಿದವು ಕಲ್ಲಿನೊಳಗೆ ಸತ್ತು ಕೊಳೆತು ಅಮೋನಿಯಾ ಏರಿಸಿದವು. ಉಪ್ಪುನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅಮೋನಿಯಾದ ವಿಷ ಇನ್ನೂ ಜಾಸ್ತಿ. ಜೊತೆಗೆ ಕ್ಸೀನಿಯಾ, ಸ್ಟಾರ್ ಪಾಲಿಪ್ ಥರದ ಹವಳಕ್ಕೆ ಈ ಔಷಧಿಯೇ ಆಗಿಬರಲ್ಲ. ನನ್ನ ಲೆದರ್ ಕರಗಿಯೇ ಹೋಯಿತು. ವರ್ಷಗಟ್ಟಲೆ ಬೆಳೆಸಿದ್ದು ಅದು, ಹೊಟ್ಟೆ ಉರಿಯುತ್ತೆ.

ನಿಜವಾದ ರೋಗ ಆಮೇಲೆ ಗೊತ್ತಾಯಿತು. ಆ ಹುಡುಗನ ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ (ನೀರಿನ ಉಪ್ಪು ಅಳೆಯುವ ಸಾಧನ) 1.025 ತೋರಿಸುತ್ತಿತ್ತು, ಅಂದರೆ ಉಪ್ಪು ಸರಿ ಇದೆ ಅಂತ. ಚಿಕ್ಕಮಗಳೂರಿನ ಸ್ನೇಹಿತರು ಉಪ್ಪನ್ನು ಇನ್ನೂ ನಿಖರವಾಗಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ತಂದು ನೋಡಿದರೆ 1.031! ಉಪ್ಪು ಹೆಚ್ಚಾಗಿ ಹವಳ ಸೊರಗಿತ್ತು, ಸತ್ತ ಅಂಚನ್ನು ಹುಳ ತಿಂದು ಚೊಕ್ಕ ಮಾಡುತ್ತಿತ್ತು, ಅಷ್ಟೇ.

ಹವಳ ಮಂಕಾದರೆ ಮೊದಲು ಉಪ್ಪು, ಆಲ್ಕಲಿನಿಟಿ (ನೀರಿನ ಕ್ಷಾರೀಯತೆ), ಟೆಂಪರೇಚರ್ ನೋಡಿ. ಹುಳ ತೀರಾ ಜಾಸ್ತಿ ಅನ್ನಿಸಿದರೆ ಫೀಡ್ ಕಡಿಮೆ ಮಾಡಿ, ತಾನಾಗಿಯೇ ಇಳಿಯುತ್ತೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಮುಳ್ಳು ಚುಚ್ಚಿದರೆ ಸೆಲ್ಲೋಟೇಪ್ ಅಂಟಿಸಿ ಕಿತ್ತು ತೆಗೆಯಿರಿ.

ಈಗಾಗಲೇ ಯಾರ ಟ್ಯಾಂಕಿಗಾದರೂ ಆ ಮಾತ್ರೆ ಬಿದ್ದಿದ್ದರೆ ಇವತ್ತೇ ನೀರು ಬದಲಿಸಿ, ಔಷಧಿ ಹೀರಲು ಹೊಸ ಕಾರ್ಬನ್ (ಫಿಲ್ಟರಿನ ಇದ್ದಿಲು) ಹಾಕಿ, ಬದುಕಿರುವ ಬಸವನಹುಳಗಳನ್ನು ಬೇರೆ ಟ್ಯಾಂಕಿಗೆ ಎತ್ತಿಡಿ. ಔಷಧಿ ಕಲ್ಲಿನಲ್ಲಿ ಬಹಳ ದಿನ ಉಳಿಯುತ್ತೆ, ಬೇಗ ವಾಪಸ್ ಬಿಡಬೇಡಿ.