ದೀರ್ಘ ಚಾಂಪಿಯನ್‌ಗಿರಿಯೋ, ಬೇಗ ಕೈಬದಲಾಗುವ ಬೆಲ್ಟೋ?

ವೃತ್ತಿಪರ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ನಿಗದಿಯಾಗಿರುವುದರಿಂದ, ಚಾಂಪಿಯನ್ ಪಟ್ಟದ ಗುರುತಾದ ಬೆಲ್ಟ್ ಒಬ್ಬರ ಬಳಿ ಎಷ್ಟು ಕಾಲ ಇರಬೇಕೆಂಬುದು ಕಥೆ ಹೆಣೆಯುವವರ ಆಯ್ಕೆಯೇ ಆಗಿರುತ್ತದೆ.

ಪಟ್ಟದ ಘನತೆಯನ್ನು ನೋಡಿದರೆ ದೀರ್ಘ ಅವಧಿಯೇ ಮೇಲು. ಬ್ರೂನೋ ಸಮ್ಮಾರ್ಟಿನೋ 1963ರಿಂದ 1971ರವರೆಗೆ 2,803 ದಿನ, ಇಂದು WWE ಎನಿಸಿರುವ ಅಮೆರಿಕದ ಕುಸ್ತಿ ಸಂಸ್ಥೆಯ ಚಾಂಪಿಯನ್ ಆಗಿದ್ದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇವಾನ್ ಕೊಲೋಫ್ ಎದುರು ಅವರು ಸೋತಾಗ ಕ್ರೀಡಾಂಗಣ ಎಷ್ಟು ಸ್ತಬ್ಧವಾಯಿತೆಂದರೆ, ತಮ್ಮ ಕಿವಿಗೇ ಏನೋ ಆಗಿದೆಯೆಂದು ಬ್ರೂನೋ ಭಾವಿಸಿದ್ದರಂತೆ. ಅಂತಹ ಮೌನ ಎರಡು ತಿಂಗಳ ಚಾಂಪಿಯನ್ ಸೋತಾಗ ಹುಟ್ಟುವುದಿಲ್ಲ. ಆದರೆ ಕೊಲೋಫ್ ಕೇವಲ ಮೂರು ವಾರಗಳಲ್ಲಿ ಪೆಡ್ರೊ ಮೊರಾಲೆಸ್‌ಗೆ ಸೋತರು: ಒಬ್ಬ ಜನಪ್ರಿಯ ನಾಯಕನಿಂದ ಇನ್ನೊಬ್ಬನಿಗೆ ಪಟ್ಟ ದಾಟಿಸಲು ನಡುವೆ ಒಬ್ಬ ಖಳನ ಕಿರು ಅವಧಿಯೇ ಅನುಕೂಲ.

ಕುತೂಹಲದ ಲೆಕ್ಕ ಬೇರೆ. ಅದೇ ಸಂಸ್ಥೆಯಲ್ಲಿ 2020ರಿಂದ 1,316 ದಿನ ಪಟ್ಟದಲ್ಲಿದ್ದ ರೋಮನ್ ರೇನ್ಸ್ ಅವರ ಕೊನೆಯ ವರ್ಷದ ಹಲವು ಪಂದ್ಯಗಳಲ್ಲಿ ಗೆಲ್ಲುವವರು ಯಾರೆಂಬ ಅನುಮಾನವೇ ಇರಲಿಲ್ಲ, ಆದರೂ 2024ರಲ್ಲಿ ಕೋಡಿ ರೋಡ್ಸ್ ಗೆದ್ದಾಗ ಆ ಕಾಯುವಿಕೆಗೆ ಬೆಲೆ ಬಂತೆಂದೇ ನನ್ನ ಅಭಿಪ್ರಾಯ.

ಗಾಯದ ಅಪಾಯವನ್ನೂ ಮರೆಯಬಾರದು. ಒಬ್ಬರನ್ನೇ ನಂಬಿದರೆ ಇಡೀ ಯೋಜನೆ ಅವರ ಮೊಣಕಾಲಿನ ಮೇಲೆ ನಿಂತಿರುತ್ತದೆ. ಪ್ರಬಲ ಸವಾಲುಗಾರರು ಸಾಲಾಗಿ ಸಿದ್ಧರಿದ್ದರೆ ದೀರ್ಘ ಅವಧಿಯನ್ನು ಆರಿಸಬಹುದು. ವಾರವಾರವೂ ಟಿವಿ ಪ್ರೇಕ್ಷಕರನ್ನು ಹಿಡಿದಿಡಬೇಕಾದ ಎರಡನೇ ದರ್ಜೆಯ ಬೆಲ್ಟಿಗೆ ಆಗಾಗ್ಗೆ ಕೈಬದಲಾಗುವುದೇ ಹೆಚ್ಚು ಒಪ್ಪುತ್ತದೆ.