ಏಳು ದಿನದ ಮಾತ್ರೆ ಡಬ್ಬಿ, ಒಂದು ಮಳೆಗಾಲ ಕಳೆದ ಮೇಲೆ

ಶಿವಮೊಗ್ಗದ ದುರ್ಗಿಗುಡಿಯ ಒಂದು ಮೆಡಿಕಲ್‌ನಲ್ಲಿ 180 ರೂಪಾಯಿ ಕೊಟ್ಟು ಇದನ್ನು ತಂದು ವರ್ಷವಾಯಿತು. ಏಳು ಪುಟ್ಟ ಡಬ್ಬಿ, ಒಂದೊಂದರಲ್ಲೂ ಬೆಳಿಗ್ಗೆಗೊಂದು ರಾತ್ರಿಗೊಂದು ಖಾನೆ. ನನಗೆ ಬೈಪೋಲಾರ್ ಇದೆ, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಪೂರ್ತಿ ಕುಸಿಯುವ ಕಾಯಿಲೆ. ಅದಕ್ಕೆ ಹನ್ನೊಂದು ವರ್ಷದಿಂದ ಲಿಥಿಯಂ ಮಾತ್ರೆ, ಜೊತೆಗೆ ವಾಲ್‌ಪ್ರೊಯೇಟ್ ಮಾತ್ರೆ. ತೀರ್ಥಹಳ್ಳಿ ಹತ್ತಿರ ಸಣ್ಣ ಅಡಿಕೆ ತೋಟ.

ಡಬ್ಬಿ ಬಂದ ಮೇಲೆ ಮನೆಯಲ್ಲಿ "ಮಾತ್ರೆ ತಗೊಂಡ್ಯಾ?" ಅನ್ನೋ ಪ್ರಶ್ನೆ ನಿಂತಿದೆ. ಈ ಕಾಯಿಲೆ ಇರುವವರಿಗೆ ಗೊತ್ತು, ಸ್ವಲ್ಪ ಜೋರಾಗಿ ನಕ್ಕರೂ, ಅಡಿಕೆ ರೇಟು ಇಳಿಯಿತು ಅಂತ ರೇಗಿದರೂ, ಬೆಳಿಗ್ಗೆ ಬೇಗ ಎದ್ದು ಕೊಟ್ಟಿಗೆ ತೊಳೆದರೂ ಇದೇ ಪ್ರಶ್ನೆ. ಈಗ ಅಮ್ಮ ಓಡಾಡುವಾಗ ಡಬ್ಬಿ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ, ಅಷ್ಟೇ. ಖಾನೆ ಖಾಲಿ ಇದ್ದರೆ ನನ್ನ ಸಿಟ್ಟು ಬರೀ ಸಿಟ್ಟು.

ನನ್ನ ಅನುಮಾನವೂ ಕಳೆಯಿತು. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಹೊತ್ತು ಹೋಗಿದ್ದೇ ಗೊತ್ತಾಗಲ್ಲ, ಮಾತ್ರೆ ನುಂಗಿದ್ದು ನಿನ್ನೆಯೋ ಈಗಲೋ ಅನ್ನೋದೂ ಮರೆತುಹೋಗುತ್ತದೆ. ಲಿಥಿಯಂ ರಕ್ತದಲ್ಲಿ ಸ್ವಲ್ಪ ಜಾಸ್ತಿಯಾದರೂ ವಿಷ. "ಇರ್ಲಿ" ಅಂತ ಇನ್ನೊಂದು ನುಂಗುವ ಹಾಗಿಲ್ಲ. (ಸುಲಿತ ಎಷ್ಟೇ ಬಾಕಿ ಇದ್ದರೂ ರಾತ್ರಿ ಹತ್ತು ಗಂಟೆಗೆ ನಾನು ಮಲಗಲು ಎದ್ದುಬಿಡುತ್ತೇನೆ, ಅದು ಬೇರೆ ವಿಷಯ. ಎರಡು ರಾತ್ರಿ ನಿದ್ದೆ ಕೆಟ್ಟರೆ ನನ್ನ ತಲೆ ಓಡಲು ಶುರು.)

ಇನ್ನು ದೂರು. ಮುಚ್ಚಳದ ಮೇಲೆ ಬರೀ ಇಂಗ್ಲಿಷ್ ಅಕ್ಷರ, ಅದರಲ್ಲೂ ಎರಡು ಟಿ, ಎರಡು ಎಸ್. ಅಮ್ಮನಿಗೆ ಮಂಗಳವಾರ ಯಾವುದು, ಗುರುವಾರ ಯಾವುದು ಗೊತ್ತಾಗಲಿಲ್ಲ. ಎರಡೇ ತಿಂಗಳಿಗೆ ಆ ಅಕ್ಷರಗಳೂ ಅಳಿಸಿದವು, ಒಳ್ಳೆಯದೇ ಆಯಿತು ಬಿಡಿ. ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಅಂಟಿಸಿ ಭಾ, ಸೋ, ಮಂ ಅಂತ ಬಾಲ್‌ಪೆನ್ನಲ್ಲಿ ಬರೆದಿದ್ದೇನೆ.

ದೊಡ್ಡ ಪಾಠ ಜುಲೈನಲ್ಲಿ. ಭಾನುವಾರ ಎಲ್ಲ ಮಾತ್ರೆ ಬಿಡಿಸಿ ತುಂಬಿದ್ದೆ. ಬುಧವಾರ ಮುಚ್ಚಳ ತೆಗೆದರೆ ವಾಲ್‌ಪ್ರೊಯೇಟ್ ಉಬ್ಬಿ, ಅಂಟಂಟಾಗಿ, ಖಾನೆಯ ತಳಕ್ಕೆ ಕಚ್ಚಿಕೊಂಡಿತ್ತು. ಅದು ಗಾಳಿಯ ತೇವ ಹೀರುವ ಮಾತ್ರೆ. ನಮ್ಮ ಮಳೆಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇದು ಯಾವ ಲೆಕ್ಕ? ಈಗ ಸ್ಟ್ರಿಪ್ಪನ್ನೇ ಕತ್ತರಿಯಲ್ಲಿ ತುಂಡು ಮಾಡಿ ಹಾಗೇ ಹಾಕುತ್ತೇನೆ, ಚುಚ್ಚದ ಹಾಗೆ ಮೂಲೆ ಸವರಿ. ಹೆಸರು, ತಾರೀಕು ಇರುವ ತುದಿಯನ್ನು ಕೊನೆಗೆ ಕತ್ತರಿಸಬೇಕು. ಖಾನೆ ಚಿಕ್ಕದು, ಒತ್ತಿ ತುಂಬಬೇಕು. ಆದರೆ ಜೇಬಿನಲ್ಲಿ ಗಲಗಲ ಅನ್ನುವುದು ನಿಂತಿದೆ, ಮದುವೆ ಮನೆಯಲ್ಲಿ ಅದೇ ದೊಡ್ಡ ಸಮಾಧಾನ.

ಒಂದು ದಿನದ ಡಬ್ಬಿಯನ್ನು ಬಿಡಿಯಾಗಿ ತೆಗೆದುಕೊಂಡು ಹೋಗಬಹುದು. ಲಿಥಿಯಂ ಮಟ್ಟ ನೋಡಲು ರಾತ್ರಿ ಮಾತ್ರೆ ನುಂಗಿ 12 ತಾಸು ಆದ ಮೇಲೆ ರಕ್ತ ಕೊಡಬೇಕು, ಅಲ್ಲಿವರೆಗೆ ಬೆಳಗಿನದು ನುಂಗಬಾರದು. ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ರಕ್ತ ಕೊಟ್ಟು, ಇಡ್ಲಿ ತಿಂದು, ಹೋಟೆಲಲ್ಲೇ ಮುಚ್ಚಳ ತೆಗೆಯುತ್ತೇನೆ.

ಐದಕ್ಕೆ ನಾಲ್ಕು ಕೊಡಬಹುದು. ಮೊನ್ನೆ ಅಮ್ಮನ ಬಿಪಿ ಮಾತ್ರೆಗೂ ಒಂದು ತರಲಾ ಅಂತ ಕೇಳಿದೆ. "ತಗೊಂಡು ಬಾ ಮಾರಾಯ, ಆದ್ರೆ ನೀನು ಅದನ್ನ ಇಣುಕಿ ನೋಡ್ತಾ ಕೂರಬಾರ್ದು" ಅಂದರು.